ಮರದ ಬಟ್ಟಲಿಗೆ ಎಣ್ಣೆಯ ಮೆರುಗು: ಹುಣಸೂರು ಸೀಮೆಯ ಮರದ ತುಂಡುಗಳಿಗೆ ಒಂದು ಹೊಸ ದಾರಿ

ಮೈಸೂರು ಜಿಲ್ಲೆಯ ವಾಣಿಜ್ಯದಲ್ಲಿ ಹುಣಸೂರಿನ ಹೆಸರು ಮರದೊಡನೆ ಬೆಸೆದುಕೊಂಡಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಸರ್ಕಾರಕ್ಕೆ ಸೇರಿದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಹಾಗೂ ವಿಸ್ತಾರವಾದ ಮರದ ಅಂಗಳ ಇದ್ದವು. 1864ರವರೆಗೆ ನಡೆದ ಈ ಕಾರ್ಖಾನೆಗಳು ಮುಚ್ಚಿದ ಮೇಲೂ ಅವುಗಳ ಪ್ರಭಾವ ಊರಿನ ಕಸುಬುಗಳಲ್ಲಿ ಉಳಿದಿತ್ತೆಂದೂ, ಎತ್ತಿನ ಗಾಡಿ ಕಟ್ಟುವ ಮತ್ತು ದುರಸ್ತಿ ಮಾಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತೆಂದೂ ಹಳೆಯ ಗ್ಯಾಸೆಟಿಯರ್ ದಾಖಲಿಸಿದೆ. ಗಾಡಿಗಳ ಕಾಲ ಮುಗಿಯಿತು. ಸಾಮಿಲ್‌ಗಳು ಮತ್ತು ಪ್ಲೈವುಡ್ ಕಾರ್ಖಾನೆಗಳು ಆ ಜಾಗಕ್ಕೆ ಬಂದವು. ಕೊಡಗಿನ ಕಾಫಿ ತೋಟಗಳ ನೆರಳಿನ ಸಿಲ್ವರ್ ಓಕ್, ರೈತರ ಬದುಗಳ ಹೆಬ್ಬೇವು, ಮಾವು, ಹಲಸು ಇವೆಲ್ಲ ಲಾರಿಗಳಲ್ಲಿ ಬಂದು ಹಲಗೆಯಾಗಿ, ಪದರವಾಗಿ ಹೊರಹೋಗುತ್ತವೆ.

ಹಲಗೆಯಾಗದೆ ಉಳಿಯುವ ಭಾಗದ ಕಥೆ ಬೇರೆ. ದಿಮ್ಮಿಯ ತುದಿಗಳು, ಕವಲು ಬಿಟ್ಟ ಜಾಗದ ಗಂಟುಗಳು, ಅಳತೆಗೆ ಬಾರದ ಗಿಡ್ಡ ತುಂಡುಗಳು ಬಹುಪಾಲು ಸೌದೆಯ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆಯಾದುದರಿಂದ ಇಲ್ಲಿ ಸೌದೆಗೆ ಗಿರಾಕಿಯ ಕೊರತೆ ಎಂದೂ ಬಿದ್ದಿಲ್ಲ. ಒಂದು ಕಿಲೋ ಎಲೆಯನ್ನು ಬ್ಯಾರನ್‌ನಲ್ಲಿ ಹದಗೊಳಿಸಲು ಹಲವು ಕಿಲೋ ಸೌದೆ ಬೇಕು. ಆದರೆ ಹೊಗೆಸೊಪ್ಪಿನ ಮೇಲೆ ಒತ್ತಡ ಹೆಚ್ಚುತ್ತಲೇ ಇದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2004ರಲ್ಲಿ ಅನುಮೋದಿಸಿತು. ಬ್ಯಾರನ್‌ಗಳಲ್ಲಿ ಸೌದೆಯನ್ನು ಉಳಿಸುವ ಪ್ರಯತ್ನಗಳೂ ಬಹುಕಾಲದಿಂದ ನಡೆದಿವೆ. ಬ್ಯಾರನ್‌ಗೆ ಹೋಗುವ ತುಂಡನ್ನೇ ಲೇತಿನ ಮೇಲೆ ಕಡೆದು ಬಟ್ಟಲಾಗಿಸಿದರೆ ಅದರ ಬೆಲೆ ತೂಕದ ಲೆಕ್ಕದಿಂದ ಹೊರಬಂದು ಕೆಲಸದ ಲೆಕ್ಕಕ್ಕೆ ಸೇರುತ್ತದೆ. ಈ ಮಾತು ಕೇಳಲು ಸುಲಭ. ಕಡೆಯುವ ಕೆಲಸವನ್ನು ಕಲಿಯುವುದೂ ಅಷ್ಟೇನೂ ಕಷ್ಟವಲ್ಲ. ಈ ಉದ್ಯಮಕ್ಕೆ ಕೈ ಹಾಕುವವರು ಮುಗ್ಗರಿಸುವುದು ಕೊನೆಯ ಹಂತದಲ್ಲಿ, ಅಂದರೆ ಮೆರುಗು ಹಚ್ಚುವಲ್ಲಿ.

ಕೊಂಡ ಎರಡು ತಿಂಗಳಿಗೆ ಬಟ್ಟಲು ಕೈಗೆ ಜಿಗುಟಾಗಿ ಅಂಟುತ್ತದೆ, ಕಮಟು ವಾಸನೆ ಹೊಡೆಯುತ್ತದೆ, ಧೂಳು ಹಿಡಿಯುತ್ತದೆ. ಗ್ರಾಹಕ ಅದನ್ನು ಅಂಗಡಿಗೆ ಹಿಂದಿರುಗಿಸುತ್ತಾನೆ, ಅಂಗಡಿಯವನು ತಯಾರಕನಿಗೆ ಹಿಂದಿರುಗಿಸುತ್ತಾನೆ. ಮರವೂ ಕೆಲಸವೂ ಚೆನ್ನಾಗಿದ್ದು ಎಣ್ಣೆಯೊಂದು ತಪ್ಪಾದರೆ ಇಡೀ ಸರಕು ಹಾಳು. ಆದ್ದರಿಂದ ಎಣ್ಣೆಯ ವಿಚಾರವನ್ನು ವಿವರವಾಗಿ ತಿಳಿಯುವುದು ಅಗತ್ಯ.

ಒಣಗುವ ಎಣ್ಣೆ, ಒಣಗದ ಎಣ್ಣೆ

ಆಹಾರ ಬಡಿಸುವ ಮರದ ಪಾತ್ರೆಗೆ ಪಾಶ್ಚಾತ್ಯ ದೇಶಗಳ ಕಸುಬುದಾರರು ಹೆಚ್ಚು ಮೆಚ್ಚುವುದು ಅಕ್ರೋಟಿನ ಎಣ್ಣೆಯನ್ನು. ಅದು ತಿನ್ನುವ ಎಣ್ಣೆ, ಬಣ್ಣ ತಿಳಿ, ಅಗಸೆ ಎಣ್ಣೆಯಷ್ಟು ಹಳದಿಗೆ ತಿರುಗುವುದಿಲ್ಲ. ಇದೇ ಗುಣಕ್ಕಾಗಿ ಇಟಲಿಯ ಪುನರುಜ್ಜೀವನ ಕಾಲದ ಚಿತ್ರಕಾರರು ತಿಳಿಬಣ್ಣಗಳನ್ನು ಅಕ್ರೋಟಿನ ಎಣ್ಣೆಯಲ್ಲಿ ಅರೆಯುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಅದು ಒಣಗುವ ಎಣ್ಣೆ.

ಎಣ್ಣೆ ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಅದರ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ದ್ರವ ಗಟ್ಟಿ ಪೊರೆಯಾಗುತ್ತದೆ. ಈ ಕ್ರಿಯೆಯಲ್ಲಿ ಎಣ್ಣೆಯ ತೂಕ ಇಳಿಯುವುದರ ಬದಲು ಮೊದಲಿಗೆ ಸ್ವಲ್ಪ ಏರುತ್ತದೆ ಎಂಬುದು ಸ್ವಾರಸ್ಯದ ವಿಷಯ. ಯಾವ ಎಣ್ಣೆ ಒಣಗೀತು ಎಂಬುದನ್ನು ಅಂದಾಜು ಮಾಡಲು ಎಣ್ಣೆ ವ್ಯಾಪಾರಸ್ಥರಿಗೆ ಪರಿಚಿತವಾದ ಅಯೋಡಿನ್ ಸಂಖ್ಯೆಯೇ ಸಾಕು. ತೆಂಗಿನೆಣ್ಣೆಯ ಅಯೋಡಿನ್ ಸಂಖ್ಯೆ 6ರಿಂದ 11ರ ಆಸುಪಾಸು. ಅದು ಎಂದೆಂದಿಗೂ ಒಣಗದು. ಕಡಲೆಕಾಯಿ ಎಣ್ಣೆ 100ರ ಸುತ್ತಮುತ್ತ, ಎಳ್ಳೆಣ್ಣೆ 104ರಿಂದ 120; ಇವು ಒಣಗುವುದೂ ಇಲ್ಲ, ಎಣ್ಣೆಯಾಗಿ ಉಳಿಯುವುದೂ ಇಲ್ಲ, ಅರೆಬರೆ ಅಂಟಾಗುತ್ತವೆ. ಹೊಂಗೆ ಎಣ್ಣೆ ಮತ್ತು ಹರಳೆಣ್ಣೆಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಸ್ಥೂಲವಾಗಿ 130ಕ್ಕಿಂತ ಮೇಲಿನ ಎಣ್ಣೆಗಳು ಒಣಗುವ ಗುಂಪಿಗೆ ಸೇರುತ್ತವೆ. ಕುಸುಬೆ ಎಣ್ಣೆ 136ರಿಂದ 148, ಅಕ್ರೋಟು ಸುಮಾರು 140ರಿಂದ 160, ಅಗಸೆ 170ಕ್ಕೂ ಮೇಲು. ಮನೆಯ ಅಡುಗೆ ಎಣ್ಣೆಯನ್ನೇ ಬಟ್ಟಲಿಗೆ ಸವರಿ ಹೊಳಪು ಬಂತೆಂದು ಪೆಟ್ಟಿಗೆಗೆ ತುಂಬುವವರ ಸರಕು ಏಕೆ ಹಿಂದಿರುಗುತ್ತದೆ ಎಂಬುದಕ್ಕೆ ಈ ಅಂಕಿಗಳಲ್ಲಿಯೇ ಉತ್ತರವಿದೆ.

ಅಕ್ರೋಟು ಭಾರತದಲ್ಲಿ ಬಹುಮಟ್ಟಿಗೆ ಕಾಶ್ಮೀರದ ಬೆಳೆ. ಹಿಮಾಚಲ, ಉತ್ತರಾಖಂಡಗಳಲ್ಲಿಯೂ ಸ್ವಲ್ಪ ಬೆಳೆಯುತ್ತದೆ. ದಕ್ಷಿಣಕ್ಕೆ ಬರುವ ಹೊತ್ತಿಗೆ ಅದರ ಎಣ್ಣೆಯ ಬೆಲೆ ಬಟ್ಟಲು ಕಡೆಯುವವನ ಕೈಗೆ ಎಟುಕುವಂತಿರುವುದಿಲ್ಲ. ಅದೂ ಅಲ್ಲದೆ ದೊಡ್ಡ ಅಂಗಡಿಗಳಲ್ಲಿ ಸಲಾಡ್‌ಗೆಂದು ಸಿಗುವ ಬಾಟಲಿಯ ಎಣ್ಣೆಗೆ ಕೆಲವೊಮ್ಮೆ ವಿಟಮಿನ್ ‘ಇ’ ಅಥವಾ ಬೇರೆ ಸಂರಕ್ಷಕ ಸೇರಿಸಿರುತ್ತಾರೆ. ಎಣ್ಣೆ ಕೆಡದಿರಲೆಂದು ಸೇರಿಸುವ ಈ ವಸ್ತುವೇ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ. ಕೆಡುವುದಕ್ಕೂ ಒಣಗುವುದಕ್ಕೂ ಕಾರಣ ಅದೇ ಆಮ್ಲಜನಕ. ಪೊಟ್ಟಣದ ಸೂರ್ಯಕಾಂತಿ ಎಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ. ಕೊಳ್ಳುವ ಮುನ್ನ ಚೀಟಿಯಲ್ಲಿನ ಸಣ್ಣ ಅಕ್ಷರಗಳನ್ನು ಓದುವುದು ಒಳಿತು.

ಹಾಗಾದರೆ ಸ್ಥಳೀಯವಾಗಿ ಸಿಗುವುದೇನು? ರಾಗಿ ಹೊಲದ ಸಾಲುಗಳಲ್ಲಿ, ಬದುಗಳಲ್ಲಿ ಹಳದಿ ಹೂ ಬಿಡುವ ಹುಚ್ಚೆಳ್ಳು ಹಳೆಯ ಮೈಸೂರು ಸೀಮೆಯ ರೈತರಿಗೆ ಹೊಸದಲ್ಲ. ಚಟ್ನಿಪುಡಿಗೆ ಮಾತ್ರ ನೆನಪಾಗುವ ಈ ಬೀಜದ ಎಣ್ಣೆಯ ಅಯೋಡಿನ್ ಸಂಖ್ಯೆ ಸುಮಾರು 125ರಿಂದ 140ರ ನಡುವೆ ಇರುತ್ತದೆ. ಅಂದರೆ ಅದು ಒಣಗುವ ಎಣ್ಣೆಗಳ ಹೊಸ್ತಿಲಲ್ಲಿ ನಿಂತ ಎಣ್ಣೆ. ತಂಪು ಪ್ರದೇಶದಲ್ಲಿ ಬೆಳೆದ ಬೀಜದಲ್ಲಿ ಒಣಗುವ ಗುಣದ ಲಿನೋಲಿಯಿಕ್ ಆಮ್ಲ ಹೆಚ್ಚು, ಬಿಸಿ ಪ್ರದೇಶದ ಬೀಜದಲ್ಲಿ ಕಡಿಮೆ. ಇಥಿಯೋಪಿಯಾದ ಹುಚ್ಚೆಳ್ಳಿನ ಬಗ್ಗೆ ಪುಸ್ತಕಗಳಲ್ಲಿ ಕಾಣುವ ಅಂಕಿ ನಮ್ಮ ಗಾಣದ ಎಣ್ಣೆಗೆ ಹಾಗೆಯೇ ಹೊಂದಬೇಕೆಂದಿಲ್ಲ. ಒಂದು ಗಾಣದ ಎಣ್ಣೆ ಒಣಗಿದರೆ ಇನ್ನೊಂದರದು ತಿಂಗಳಾದರೂ ಜಿಗುಟಾಗಿಯೇ ಉಳಿಯಬಹುದು. ಉತ್ತರ ಕರ್ನಾಟಕದ ಕುಸುಬೆ ಎಣ್ಣೆ ಇದಕ್ಕಿಂತ ನಂಬಿಕೆಗೆ ಅರ್ಹ. ಆದರೆ ಆಹಾರದ ದೃಷ್ಟಿಯಿಂದ ಈಚೆಗೆ ಬಂದಿರುವ, ಓಲಿಯಿಕ್ ಆಮ್ಲ ಹೆಚ್ಚಿರುವ ಕುಸುಬೆ ತಳಿಗಳ ಎಣ್ಣೆ ಒಣಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ಈ ಗೊಂದಲಕ್ಕೆ ಒಂದು ಗಾಜಿನ ಚೂರು ಸಾಕಾದಷ್ಟು ಪರಿಹಾರ ನೀಡುತ್ತದೆ. ಎಣ್ಣೆಯ ಡಬ್ಬ ಕೊಳ್ಳುವ ಮೊದಲು ಒಂದು ಚಮಚ ಮಾದರಿ ತಂದು, ಶುಭ್ರವಾದ ಗಾಜಿನ ಮೇಲೆ ಬೆರಳಿನಿಂದ ತೆಳ್ಳಗೆ ಸವರಿ, ಧೂಳು ಬೀಳದ, ಗಾಳಿ ಬೆಳಕು ಇರುವ ಕಡೆ ಇಡಬೇಕು. ಪಕ್ಕದಲ್ಲಿ ಹೋಲಿಕೆಗೆ ಹಸಿ ಅಗಸೆ ಎಣ್ಣೆಯ ಒಂದು ಗೆರೆ ಎಳೆದಿರಬೇಕು. ದಿನಕ್ಕೊಮ್ಮೆ ಬೆರಳು ತಾಗಿಸಿ ನೋಡಿದರೆ ಯಾವುದು ಮೊದಲು ಪೊರೆಗಟ್ಟಿತು, ಯಾವುದು ಎರಡು ವಾರವಾದರೂ ಬೆರಳಿಗೆ ಅಂಟುತ್ತಿದೆ ಎಂಬುದು ತಾನೇ ತಿಳಿಯುತ್ತದೆ. ಪ್ರಯೋಗಾಲಯದ ವರದಿಗೆ ಕೊಡುವ ಹಣವನ್ನು ಉಳಿಸುವ ಪರೀಕ್ಷೆ ಇದು. ಪ್ರತಿ ಹೊಸ ಡಬ್ಬಕ್ಕೂ ಇದನ್ನು ಪುನಃ ಮಾಡಬೇಕು. ನಿಧಾನವಾಗಿ ಒಣಗುವ ಎಣ್ಣೆಯನ್ನು ಅಗಲವಾದ ತಟ್ಟೆಯಲ್ಲಿ ಹಾಕಿ, ಗಾಜು ಮುಚ್ಚಿ, ಗಾಳಿಯಾಡಲು ಸಂದಿ ಬಿಟ್ಟು ಬೇಸಿಗೆಯ ಬಿಸಿಲಿನಲ್ಲಿ ಕೆಲವು ವಾರ ಇಟ್ಟರೆ ಅದು ಮಂದವಾಗಿ, ಬೇಗ ಒಣಗುವ ಗುಣ ಪಡೆಯುತ್ತದೆ. ಚಿತ್ರಕಾರರ ಈ ಹಳೆಯ ಉಪಾಯಕ್ಕೆ ಫೆಬ್ರವರಿಯಿಂದ ಮೇವರೆಗಿನ ಹೆಗ್ಗಡದೇವನಕೋಟೆಯ ಬಿಸಿಲು ಧಾರಾಳವಾಗಿ ಸಾಕು. ಒಲೆಯ ಮೇಲೆ ಕುದಿಸಿ ಮಂದಗೊಳಿಸುವ ಸಾಹಸ ಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನಂದಿಸುವುದು ಕಷ್ಟ.

ಅಗಸೆ ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಪೇಂಟ್ ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಎಂಬ ಹೆಸರಿನಲ್ಲಿ ಸಿಗುವ ಎಣ್ಣೆ ಬೇಗ ಒಣಗಲೆಂದು ಅದಕ್ಕೆ ಲೋಹಲವಣಗಳನ್ನು ಬೆರೆಸಿರುತ್ತಾರೆ. ಕೋಬಾಲ್ಟ್, ಮ್ಯಾಂಗನೀಸ್ ಸಾಮಾನ್ಯ. ಹಿಂದೆ ಸೀಸವೂ ಬಳಕೆಯಲ್ಲಿತ್ತು. ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಬಾಗಿಲು ಕಿಟಕಿಗೆ ಹಚ್ಚುವ ಎಣ್ಣೆಯನ್ನು ಊಟದ ಬಟ್ಟಲಿಗೆ ಹಚ್ಚುವುದು ಯಾವ ಲೆಕ್ಕದಲ್ಲಿಯೂ ಸಲ್ಲದು. ಏನನ್ನೂ ಬೆರೆಸದ, ತಣ್ಣಗೆ ಹಿಂಡಿದ ಅಗಸೆ ಎಣ್ಣೆ ತಿನ್ನಲು ಯೋಗ್ಯ, ಬಟ್ಟಲಿಗೂ ಯೋಗ್ಯ. ಬಣ್ಣ ಸ್ವಲ್ಪ ಹಳದಿಯಾಗುತ್ತದೆಂಬುದೊಂದೇ ಆಕ್ಷೇಪ. ಹಲಸಿನಂತಹ ಹಳದಿ ಮರಕ್ಕೆ ಅದು ಆಕ್ಷೇಪವೂ ಅಲ್ಲ.

ಅರಗು ಮತ್ತು ಎಣ್ಣೆ

ಮೈಸೂರು ಸೀಮೆಯಲ್ಲಿ ಮರದ ಮೆರುಗೆಂದರೆ ಮೊದಲು ನೆನಪಾಗುವುದು ಅರಗು. ಸಂಸ್ಥಾನದ ಕಾಡುಗಳ ಅರಗನ್ನು ಉಪಯೋಗಿಸಿಕೊಳ್ಳಲು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಸ್ಥಾಪನೆಯಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ ಸಂಸ್ಥೆ. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯಿಂದ ಅದು ದೇಶಕ್ಕೆಲ್ಲ ಪರಿಚಿತ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಶಾಖದಿಂದಲೇ ಅದನ್ನು ಕರಗಿಸಿ, ತಾಳೆಗರಿಯಿಂದ ನಯಗೊಳಿಸುತ್ತಾರೆ. ಹೊಳಪಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅರಗು ಮರದ ಮೇಲೆ ಕುಳಿತುಕೊಳ್ಳುವ ಪೊರೆ. ಬಿಸಿ ಸಾರು, ಬಿಸಿನೀರು ತಾಗಿದರೆ ಮಬ್ಬಾಗುತ್ತದೆ, ಒಮ್ಮೆ ಚಕ್ಕೆಯೆದ್ದರೆ ಗ್ರಾಹಕನಿಗೆ ಸರಿಪಡಿಸಲಾಗದು. ಎಣ್ಣೆಯಾದರೋ ಮರದೊಳಗೆ ಇಳಿದು ಅಲ್ಲಿಯೇ ಗಟ್ಟಿಯಾಗುವಂಥದು. ಹೊಳಪು ಮಂದ, ಆದರೆ ಮಾಸಿದಾಗ ಗೃಹಿಣಿಯೇ ಇನ್ನೊಂದು ಕೈ ಎಣ್ಣೆ ಸವರಿ ಹೊಸದಾಗಿಸಬಹುದು. ಬಳಸುವ ಬಟ್ಟಲಿಗೆ ಎಣ್ಣೆ, ಷೋಕೇಸಿನ ಬಟ್ಟಲಿಗೆ ಅರಗು ಎಂದರೆ ತಪ್ಪಾಗಲಾರದು. ಔಷಧದಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಹಚ್ಚುವ ಪದ್ಧತಿಯೂ ಇದೆ. ಅದು ಕಮಟಾಗುವುದಿಲ್ಲ ನಿಜ, ಆದರೆ ಒಣಗುವುದೂ ಇಲ್ಲ. ನಾಲ್ಕು ಬಾರಿ ತೊಳೆದರೆ ಹೋಗುತ್ತದೆ. ತರಕಾರಿ ಹೆಚ್ಚುವ ಹಲಗೆಗೆ ಸರಿ, ಬೆಲೆ ಹೇಳಿ ಮಾರುವ ಬಟ್ಟಲಿಗೆ ಸಾಲದು.

ಮರ ಒಣಗದೆ ಎಣ್ಣೆ ಹಿಡಿಯದು

ಹಸಿ ಮರದಲ್ಲಿ ಅದರ ಒಣತೂಕದ ಅರ್ಧಕ್ಕೂ ಮಿಗಿಲಾದ ನೀರಿರುವುದು ಸಾಮಾನ್ಯ. ಅಂತಹ ಮರವನ್ನು ಕಡೆದು ಕೂಡಲೇ ಎಣ್ಣೆ ಹಚ್ಚಿದರೆ ಎಣ್ಣೆ ಒಳಗಿಳಿಯುವುದಿಲ್ಲ, ಬಟ್ಟಲು ಡೊಂಕಾಗುತ್ತದೆ, ಸೀಳುತ್ತದೆ. ಎಲ್ಲೆಡೆಯ ಕಸುಬುದಾರರು ಅನುಸರಿಸುವ ಕ್ರಮವೆಂದರೆ ಹಸಿಯಿದ್ದಾಗ ದಪ್ಪವಾಗಿ ಕಡೆದಿಟ್ಟು, ಒಣಗಿದ ಮೇಲೆ ಪುನಃ ಲೇತಿಗೆ ಏರಿಸಿ ಅಂತಿಮ ರೂಪ ಕೊಡುವುದು. ಅಂಚಿನ ದಪ್ಪ ವ್ಯಾಸದ ಹತ್ತನೆಯ ಒಂದು ಭಾಗವಿರಬೇಕು. ಹತ್ತು ಅಂಗುಲದ ಬಟ್ಟಲಿಗೆ ಒಂದು ಅಂಗುಲ. ಅಡ್ಡನಾರು ಕಾಣುವ ಭಾಗಗಳಿಗೆ ಮೇಣ ಸವರಿ, ನೆರಳಿನಲ್ಲಿ, ಗಾಳಿ ನೇರವಾಗಿ ಬಡಿಯದ ಕಡೆ ಜೋಡಿಸಿಡಬೇಕು. ಒಣಗಿತೇ ಎಂದು ತಿಳಿಯಲು ತಕ್ಕಡಿಯೊಂದು ಸಾಕು. ವಾರಕ್ಕೊಮ್ಮೆ ತೂಗಿ ಬಟ್ಟಲಿನ ಮೇಲೆಯೇ ಪೆನ್ಸಿಲಿನಿಂದ ಬರೆದರೆ, ಸತತ ಮೂರು ವಾರ ತೂಕ ಬದಲಾಗದಿದ್ದಾಗ ಅದು ಸುತ್ತಲ ಗಾಳಿಗೆ ಹೊಂದಿಕೊಂಡಿದೆಯೆಂದು ಅರ್ಥ. ಇದಕ್ಕೆ ಮೂರು ನಾಲ್ಕು ತಿಂಗಳು ಬೇಕಾಗುವುದುಂಟು. ಕಬಿನಿಯ ಮೇಲ್ಭಾಗದ, ವಯನಾಡಿನ ಮಳೆ ಬೀಳುವ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವ ಮಾತೇ ಇಲ್ಲ.

ಹೊಗೆಸೊಪ್ಪಿನ ಹಂಗಾಮು ಮುಗಿದ ಮೇಲೆ ಖಾಲಿ ಬಿದ್ದಿರುವ ಬ್ಯಾರನ್‌ನಲ್ಲಿಯೇ ಬಟ್ಟಲುಗಳನ್ನು ಒಣಗಿಸಬಾರದೇಕೆ ಎಂಬ ಆಲೋಚನೆ ಈ ಭಾಗದಲ್ಲಿ ಯಾರಿಗಾದರೂ ಹೊಳೆಯುವಂಥದೇ. ಕಟ್ಟಡ ಉಪಯುಕ್ತ, ಬೆಂಕಿ ಅಪಾಯಕರ. ಮರದ ಒಣಗಾಣಿಕೆಯ ಗೂಡಿನಲ್ಲಿ ಶಾಖದಷ್ಟೇ ಮುಖ್ಯವಾದುದು ತೇವದ ನಿಯಂತ್ರಣ. ಎಲೆ ಒಣಗಿಸುವ ಬ್ಯಾರನ್ ಅದಕ್ಕಾಗಿ ಕಟ್ಟಿದ್ದಲ್ಲ. ಬೆಂಕಿ ಹಾಕದೆ, ನೆರಳು ಮತ್ತು ಮೆಲುಗಾಳಿಯ ಉಗ್ರಾಣವಾಗಿ ಅದನ್ನು ಬಳಸುವುದಾದರೆ ಅಡ್ಡಿಯಿಲ್ಲ. ಮರದ ಹದಗೊಳಿಸುವಿಕೆಯನ್ನು ಶಾಸ್ತ್ರೀಯವಾಗಿ ತಿಳಿಯಬಯಸುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ.

ಯಾವ ಮರ?

ಹುಣಸೂರಿನ ಅಂಗಳಗಳಲ್ಲಿ ಸಿಗುವುದೆಲ್ಲ ಬಟ್ಟಲಿಗೆ ಹೊಂದುವುದಿಲ್ಲ. ಪ್ಲೈವುಡ್ ಪದರ ಸುಲಿದ ಮೇಲೆ ಉಳಿಯುವ ದುಂಡನೆಯ ನಡುದಿಮ್ಮಿ ಅಗ್ಗ, ನೋಡಲು ಲೇತಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅದರ ನಡುವೆ ಮರದ ತಿರುಳು ಇರುವುದರಿಂದ ಬಟ್ಟಲು ಒಣಗುತ್ತಲೇ ತಳದಿಂದ ಸೀಳುತ್ತದೆ. ದಿಮ್ಮಿಯನ್ನು ಉದ್ದಕ್ಕೆ ಎರಡಾಗಿ ಸೀಳಿ ತಿರುಳನ್ನು ಬಿಟ್ಟು ಕಡೆಯಬೇಕು. ಸಿಲ್ವರ್ ಓಕ್‌ನ ಮೇಲೆ ಕಾಣುವ ಜಾಲರಿಯಂತಹ ಚುಕ್ಕಿಗಳು ಎಣ್ಣೆ ಬಿದ್ದಾಗ ಬಹಳ ಚೆನ್ನಾಗಿ ಮೂಡುತ್ತವೆ. ಆದರೆ ಅದರ ಪುಡಿ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ತುರಿಕೆ ಬೊಕ್ಕೆ ಏಳುತ್ತವೆ. ಕೆಲಸಗಾರರಿಗೆ ಕೈಗವಸು, ಮೂಗಿಗೆ ಬಟ್ಟೆ ಕಡ್ಡಾಯವಾಗಬೇಕು; ಆಹಾರದ ಬಟ್ಟಲಿಗೆ ಅದನ್ನು ಮೊದಲ ಆಯ್ಕೆ ಮಾಡಿಕೊಳ್ಳದಿರುವುದೇ ಲೇಸು. ತೇಗ ಮತ್ತು ಬೀಟೆಯಲ್ಲಿ ಸಹಜವಾಗಿಯೇ ಇರುವ ದ್ರವ್ಯಗಳು ಎಣ್ಣೆ ಒಣಗುವುದನ್ನು ತಡೆಯುತ್ತವೆ. ಅತ್ಯುತ್ತಮ ಮರಕ್ಕೆ ಅತ್ಯುತ್ತಮ ಎಣ್ಣೆ ಹಚ್ಚಿದರೂ ವಾರಗಟ್ಟಲೆ ಜಿಗುಟಾಗಿರುವುದರ ರಹಸ್ಯ ಇದೇ. ಹೊನ್ನೆಯ ಲೋಟದಲ್ಲಿ ನೀರು ಕುಡಿಯುವ ರೂಢಿ ಎಲ್ಲರಿಗೂ ಗೊತ್ತಿದೆ. ನೀರಿಗೆ ಬಣ್ಣ ಬಿಡುವ ಆ ಗುಣವೇ ಅಲ್ಲಿ ಬೇಕಾದದ್ದು, ಬಟ್ಟಲಿನಲ್ಲಿ ಬೇಡವಾದದ್ದು. ಹೆಬ್ಬೇವು ಹಗುರ, ಮೃದು, ಎಣ್ಣೆಯನ್ನು ಲೆಕ್ಕವಿಲ್ಲದಷ್ಟು ಕುಡಿಯುತ್ತದೆ.

ಉಳಿದಂತೆ ಹಲಸು, ಮಾವು, ಹುಣಸೆ. ಹಲಸು ಮೊದಲು ಅರಿಸಿನದ ಬಣ್ಣವಿದ್ದು ವರ್ಷ ಕಳೆದಂತೆ ಕಂದಾಗುತ್ತದೆ. ಸಾಮಿಲ್‌ನಲ್ಲಿ ಅದರ ಬೆಲೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಮಾವು ಅಗ್ಗ, ಆದರೆ ಕೊಯ್ದ ಕೂಡಲೇ ಒಣಗಿಸದಿದ್ದರೆ ನೀಲಿ ಕಲೆ, ಹುಳು ಎರಡೂ ಹಿಡಿಯುತ್ತವೆ. ಹೆಸರಿನಲ್ಲಿಯೇ ಹುಣಸೆ ಕೇಳಿಸುವ ಊರಿನಲ್ಲಿ ಹುಣಸೆಯ ಮರ ಮಾಂಸದಂಗಡಿಯ ಕೊರಡಿಗಷ್ಟೇ ಮೀಸಲಾಗಿರುವುದು ವಿಚಿತ್ರ. ಅದು ಗಡುಸು, ಉಳಿಯ ಮೊನೆಯನ್ನು ಬೇಗ ಕೆಡಿಸುತ್ತದೆ, ಆದರೆ ನಯಗೊಳಿಸಿದ ಮೇಲೆ ಎಣ್ಣೆಯಲ್ಲಿ ಅದರ ಕಪ್ಪು ನಡುಮರ ತೋರುವ ಅಂದ ಬೇರೆ ಸ್ಥಳೀಯ ಮರಕ್ಕಿಲ್ಲ. ಯಾವ ಮರವೇ ಆಗಲಿ, ಕಡಿಯಲು ಮತ್ತು ಸಾಗಿಸಲು ಅನುಮತಿ ಬೇಕೇ ಎಂಬುದನ್ನು ವಲಯ ಅರಣ್ಯ ಕಚೇರಿಯಲ್ಲಿ ಖಚಿತಪಡಿಸಿಕೊಂಡು, ಕೊಂಡ ಬಿಲ್ಲು ಮತ್ತು ಸಾಗಣೆ ಪತ್ರಗಳನ್ನು ಜೋಪಾನವಾಗಿಡಬೇಕು. ಮುಂದೆ ಮಾರುವಾಗ ಇವೇ ಕೇಳಲ್ಪಡುವ ಕಾಗದಗಳು.

ಹಚ್ಚುವ ಕ್ರಮ

ಒಣಗಿದ ಬಟ್ಟಲನ್ನು ಅಂತಿಮವಾಗಿ ಕಡೆದ ಮೇಲೆ ಸ್ಯಾಂಡ್ ಪೇಪರನ್ನು 80ರಿಂದ ಆರಂಭಿಸಿ 120, 180, 240, 320ರವರೆಗೆ ಒಂದನ್ನೂ ಬಿಡದೆ ಉಜ್ಜಬೇಕು. 80ರ ಗೀರು ಉಳಿದಿದ್ದರೆ ಎಣ್ಣೆ ಬಿದ್ದೊಡನೆ ಅದು ಎದ್ದು ಕಾಣುತ್ತದೆ. ಎಣ್ಣೆ ಯಾವ ದೋಷವನ್ನೂ ಮುಚ್ಚುವುದಿಲ್ಲ, ತೋರಿಸುತ್ತದೆ. ಬಳಿಕ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮರದ ನಾರು ಎದ್ದು ನಿಲ್ಲುತ್ತದೆ. ಅದನ್ನು 320ರಿಂದ ಹಗುರವಾಗಿ ತೆಗೆಯಬೇಕು. ಈ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡದಿದ್ದರೆ ಗ್ರಾಹಕ ಮೊದಲ ಸಲ ತೊಳೆದಾಗ ಬಟ್ಟಲು ಒರಟಾಗಿ, ದೂರು ಬರುತ್ತದೆ.

ಎಣ್ಣೆಯನ್ನು ತುಸು ಬೆಚ್ಚಗೆ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬವಿಟ್ಟು ಕಾಯಿಸಿಕೊಂಡರೆ ಚೆನ್ನಾಗಿ ಇಳಿಯುತ್ತದೆ. ಮೊದಲ ಸಲ ಮರ ಕುಡಿಯುವಷ್ಟನ್ನೂ ಕೊಡಬೇಕು, ಅಡ್ಡನಾರಿನ ಕಡೆ ಹೆಚ್ಚು. ಇಪ್ಪತ್ತರಿಂದ ಮೂವತ್ತು ನಿಮಿಷ ಬಿಟ್ಟು ಮೇಲೆ ಉಳಿದ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಹೆಚ್ಚು ಎಣ್ಣೆ ಹೆಚ್ಚು ಹೊಳಪು ಕೊಟ್ಟೀತೆಂದು ಒರೆಸದೆ ಬಿಟ್ಟರೆ ಮೇಲ್ಪದರ ಸುಕ್ಕುಗಟ್ಟಿ, ಒಳಗಿನದು ಎಂದೂ ಒಣಗದೆ ಉಳಿಯುತ್ತದೆ. ಒಣಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಎಣ್ಣೆ ಅಂಟದಿರುವವರೆಗೆ ಒರೆಸಬೇಕು. ಎರಡು ಮೂರು ದಿನಗಳ ಅಂತರದಲ್ಲಿ ಎರಡನೆಯ, ಮೂರನೆಯ, ನಾಲ್ಕನೆಯ ಕೈ ಹಚ್ಚಬೇಕು; ಪ್ರತಿ ಬಾರಿಯೂ ತೆಳ್ಳಗೆ. ಕೊನೆಯ ಕೈ ಆದ ಮೇಲೆ ಕನಿಷ್ಠ ಮೂರು ವಾರ ಗಾಳಿ ಬೆಳಕಿನ ಕೋಣೆಯಲ್ಲಿ ಹಲಗೆಯ ಮೇಲೆ ಬಿಡಿಬಿಡಿಯಾಗಿ ಇಡಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮೂಗಿನ ಬಳಿ ಹಿಡಿದಾಗ ಎಣ್ಣೆಯ ವಾಸನೆ ಬಂದರೆ ಅದು ಪೆಟ್ಟಿಗೆ ಸೇರುವ ಸ್ಥಿತಿಯಲ್ಲಿಲ್ಲ. ಕೊನೆಯಲ್ಲಿ ಎಣ್ಣೆಯಲ್ಲಿ ಕರಗಿಸಿದ ಜೇನುಮೇಣ ಸವರಿ ಉಜ್ಜುವುದರಿಂದ ಕೈಗೆ ನಯವಾಗುತ್ತದೆ. ಜೇನುಮೇಣ ಹೆಗ್ಗಡದೇವನಕೋಟೆಗೂ ಕೊಡಗಿಗೂ ದೂರದ ವಸ್ತುವಲ್ಲ.

ಎಣ್ಣೆ ಒರೆಸಿದ ಚಿಂದಿಯ ಬಗ್ಗೆ ಪ್ರತಿಯೊಬ್ಬ ಮಾಲೀಕನೂ ತಿಳಿದಿರಬೇಕಾದ ವಿಷಯವೊಂದಿದೆ. ಒಣಗುವ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಬಟ್ಟಲಿನ ಮೇಲೆ ಅದು ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಎಣ್ಣೆಬಟ್ಟೆಯಲ್ಲಿ ಆ ಶಾಖ ಒಳಗೇ ಕೂಡಿಕೊಂಡು, ಯಾರೂ ಬೆಂಕಿ ತಾಗಿಸದಿದ್ದರೂ, ಕೆಲವೇ ಗಂಟೆಗಳಲ್ಲಿ ತಾನೇ ಹೊತ್ತಿಕೊಳ್ಳಬಹುದು. ಸುತ್ತ ಮರದ ಹೊಟ್ಟು ಬಿದ್ದಿರುವ ಸಾಮಿಲ್‌ನಲ್ಲಿ ಇದರ ಪರಿಣಾಮ ಊಹಿಸಿಕೊಳ್ಳಬಹುದು. ದಿನದ ಕೆಲಸ ಮುಗಿದ ಕೂಡಲೇ ಚಿಂದಿಗಳನ್ನು ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಎಣ್ಣೆಯ ಬಟ್ಟಲನ್ನು ಉಜ್ಜಿದ ಪುಡಿಗೂ ಇದೇ ಕ್ರಮ. ಎಣ್ಣೆ ಹಚ್ಚುವ ಕೋಣೆ ಗರಗಸದ ಕೋಣೆಯಿಂದ ಬೇರೆಯಾಗಿರುವುದು ಒಳ್ಳೆಯದು. ತೆಂಗಿನೆಣ್ಣೆಯ ಬಟ್ಟೆಗೆ ಒಗ್ಗಿಹೋಗಿರುವ ಕೆಲಸಗಾರರಿಗೆ ಈ ಮಾತು ನಂಬಿಕೆಗೆ ಬರುವುದಿಲ್ಲ, ಬಿಡಿಸಿ ಹೇಳಬೇಕು.

ಮಾರುಕಟ್ಟೆ ಮತ್ತು ಚೀಟಿ

ಗಿರಾಕಿಯನ್ನು ದೂರದಲ್ಲಿ ಹುಡುಕುವ ಮುನ್ನ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯತ್ತ ನೋಡಬಹುದು. 1961ರಲ್ಲಿ ಅಲ್ಲಿ ನೆಲೆ ಕಂಡ ಟಿಬೆಟಿಯನ್ನರ ಸಂಪ್ರದಾಯದಲ್ಲಿ ಮರದ ಬಟ್ಟಲಿಗೆ ವಿಶೇಷ ಸ್ಥಾನವಿದೆ. ಬೆಣ್ಣೆ ಚಹಾ ಕುಡಿಯಲು, ಹುರಿದ ಹಿಟ್ಟು ಕಲಸಲು ಪ್ರತಿಯೊಬ್ಬನಿಗೂ ಅವನದೇ ಆದ ಬಟ್ಟಲು. ಅದನ್ನು ನಿಲುವಂಗಿಯ ಮಡಿಕೆಯಲ್ಲಿಟ್ಟುಕೊಂಡು ಹೋಗುವ ರೂಢಿ. ಅವರಿಗೆ ಮರದ ಬಟ್ಟಲನ್ನು ವಿವರಿಸಿ ಹೇಳಬೇಕಿಲ್ಲ. ಸ್ವರ್ಣಮಂದಿರ ನೋಡಲು ಬರುವ ಪ್ರವಾಸಿಗರೂ, ಅಲ್ಲಿಂದ ಕೊಡಗಿಗೆ ಹೋಗುವವರೂ ನೆನಪಿಗೊಂದು ವಸ್ತು ಕೊಳ್ಳುವವರೇ. ಕಬಿನಿ ದಂಡೆಯ ವಸತಿಗೃಹಗಳು, ದಸರೆಯ ಮೈಸೂರು ಇನ್ನೆರಡು ಬಾಗಿಲುಗಳು. ಈ ಬಟ್ಟಲು ಕೋಸಂಬರಿಗೆ, ಹಣ್ಣಿಗೆ, ಒಣದ್ರಾಕ್ಷಿ ಗೋಡಂಬಿಗೆ ಸರಿ. ಅರಿಸಿನದ ಸಾರು ಹಾಕಿದರೆ ಕಲೆ ಹಿಡಿಯುತ್ತದೆ ಎಂಬುದನ್ನು ಮಾರುವವರು ಮೊದಲೇ ಹೇಳಬೇಕು.

ವಿದೇಶಕ್ಕೆ ಕಳುಹಿಸುವುದಾದರೆ ಎಣ್ಣೆಯ ಹೆಸರು ಇನ್ನಷ್ಟು ಮಹತ್ವ ಪಡೆಯುತ್ತದೆ. ಅಕ್ರೋಟು ಅಲರ್ಜಿ ಉಂಟುಮಾಡುವ ಆಹಾರಗಳಲ್ಲೊಂದು. ಯೂರೋಪಿನ ಮತ್ತು ಅಮೆರಿಕದ ಆಹಾರ ಚೀಟಿಯ ಕಾನೂನುಗಳು ಅದನ್ನು ಹೆಸರಿಸುವಂತೆ ವಿಧಿಸುತ್ತವೆ; ಭಾರತದ 2020ರ ಲೇಬಲ್ ನಿಯಮಗಳಲ್ಲಿಯೂ ಈ ಬಗೆಯ ಬೀಜಗಳ ಉಲ್ಲೇಖವಿದೆ. ಇವು ಆಹಾರಕ್ಕೆ ಸಂಬಂಧಿಸಿದವು, ಬಟ್ಟಲಿಗಲ್ಲ. ಆದರೂ ಎಚ್ಚರದ ಕೊಳ್ಳುಗರು ಬಟ್ಟಲಿನ ಎಣ್ಣೆ ಯಾವುದೆಂದು ಕೇಳುತ್ತಾರೆ. ಅಗಸೆ, ಕುಸುಬೆ, ಹುಚ್ಚೆಳ್ಳು ಈ ಪ್ರಶ್ನೆಯನ್ನು ಹಗುರಗೊಳಿಸುತ್ತವೆ. ಬೇರೆ ಎಣ್ಣೆ ಹಚ್ಚಿ ‘ಅಕ್ರೋಟಿನ ಎಣ್ಣೆಯ ಮೆರುಗು’ ಎಂದು ಬರೆಯುವ ಆಸೆಗೆ ಬೀಳಬಾರದು; ಹುಚ್ಚೆಳ್ಳೆಣ್ಣೆ ಎಂಬುದೇ ಹೊಸ ಗಿರಾಕಿಗೆ ಕುತೂಹಲದ ಹೆಸರು. ಯೂರೋಪಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಿಗೆ 2004ರ 1935ನೆಯ ನಿಯಮ ಅನ್ವಯಿಸುತ್ತದೆ. ಅರಣ್ಯನಾಶಕ್ಕೆ ಸಂಬಂಧಿಸಿದ 2023ರ ನಿಯಮ ಮರದ ಮೂಲವನ್ನು ಕೇಳುತ್ತದೆ. ಅದರ ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದೆ ಹೋಗಿದ್ದರೂ ಸಿದ್ಧತೆ ತಪ್ಪದು. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯ ‘ವೃಕ್ಷ’ ಯೋಜನೆ ಮರದ ಕಾನೂನುಬದ್ಧ ಮೂಲವನ್ನು ದೃಢಪಡಿಸಲೆಂದೇ ಇರುವಂಥದು. ಸರಕಿನ ವರ್ಗೀಕರಣ ಸಂಖ್ಯೆ 4419, ಅಂದರೆ ಮರದ ಊಟದ ಮತ್ತು ಅಡುಗೆಯ ಸಾಮಾನು. ಕೃಷ್ಣರಾಜನಗರದ ಗದ್ದೆಗಳ ಭತ್ತದ ಹುಲ್ಲು ಊರೊಳಗಿನ ಸಾಗಣೆಗೆ ಒಳ್ಳೆಯ ಮೆತ್ತೆ; ಆದರೆ ಆಸ್ಟ್ರೇಲಿಯಾದಂತಹ ದೇಶಗಳು ಹುಲ್ಲಿನಲ್ಲಿ ಸುತ್ತಿದ ಸರಕನ್ನು ಬಂದರಿನಲ್ಲಿಯೇ ತಡೆಯುತ್ತವೆ. ಅಲ್ಲಿಗೆ ಕಾಗದದ ಚೂರು ಬಳಸುವುದು ಕ್ಷೇಮ.

ಬಂಡವಾಳದ ಲೆಕ್ಕ ಹಾಕುವವರು ಎಣ್ಣೆಯ ಬೆಲೆಯನ್ನು ಅಷ್ಟಾಗಿ ಚಿಂತಿಸಬೇಕಿಲ್ಲ. ಮಧ್ಯಮ ಗಾತ್ರದ ಬಟ್ಟಲಿಗೆ ನಾಲ್ಕು ಕೈಗೂ ಸೇರಿ ಬೇಕಾಗುವುದು ಕೆಲವೇ ಚಮಚಗಳಷ್ಟು. ಖರ್ಚಾಗುವುದು ಕಾಲ ಮತ್ತು ಜಾಗ. ವಾರಕ್ಕೆ 100 ಬಟ್ಟಲು ಕಡೆಯುವ ಘಟಕವನ್ನು ತೆಗೆದುಕೊಂಡರೆ, ಒಣಗಲು 15 ವಾರವೆಂದಿಟ್ಟುಕೊಂಡರೂ 1,500 ದಪ್ಪ ಬಟ್ಟಲುಗಳು ಯಾವಾಗಲೂ ಅಟ್ಟದ ಮೇಲಿರುತ್ತವೆ. ಎಣ್ಣೆ ಹಚ್ಚಲು, ಹದಗೊಳ್ಳಲು ನಾಲ್ಕೂವರೆ ವಾರವೆಂದರೆ ಇನ್ನೂ 450. ಅಂದರೆ ಮೊದಲ ಬಟ್ಟಲು ಮಾರಾಟವಾಗುವ ಮುನ್ನ ಸುಮಾರು 2,000 ಬಟ್ಟಲುಗಳ ಮರ ಮತ್ತು ಕೂಲಿ ಅದರಲ್ಲಿ ಹೂಡಿಕೆಯಾಗಿರುತ್ತದೆ. ಐದು ತಿಂಗಳು ಒಂದು ರೂಪಾಯಿಯೂ ಬರುವುದಿಲ್ಲ. ಬ್ಯಾಂಕಿಗೆ ಸಾಲದ ಅರ್ಜಿ ಸಲ್ಲಿಸುವವರು ಈ ಐದು ತಿಂಗಳನ್ನು ಯೋಜನಾ ವರದಿಯಲ್ಲಿ ಸ್ಪಷ್ಟವಾಗಿ ತೋರಿಸಬೇಕು. ಜನವರಿಯಲ್ಲಿ ಕಡೆಯಲು ಆರಂಭಿಸಿದರೆ ಬೇಸಿಗೆಯ ಒಣಹವೆ ದೊರೆತು, ಮಳೆ ಹಿಡಿಯುವ ಮುನ್ನ ಮೊದಲ ಎಣ್ಣೆಯ ಕೈ ಮುಗಿದು, ದಸರೆಯ ವ್ಯಾಪಾರಕ್ಕೆ ಸರಕು ಸಿದ್ಧವಾಗಿರುತ್ತದೆ. ಜೂನ್‌ನಲ್ಲಿ ಆರಂಭಿಸಿದವರಿಗೆ ಅದೇ ಸರಕು ಮುಂದಿನ ಸಂಕ್ರಾಂತಿಗೂ ಕೈಗೆ ಬರುವುದು ಅನುಮಾನ.